ಆರನೆಯ ಮುಖ

ಮಣಿಪಾಲ
೧೮ ನವೆಂಬರ್ ೨೦೨೪

ಅಪ್ಪನಿಗೆ ಸೌಮ್ಯಶ್ರೀಯ ನಮಸ್ಕಾರಗಳು.

ಕಾಪುವಿಗೂ ಮಣಿಪಾಲಕ್ಕೂ ನಡುವೆ ಒಂದು ಗಂಟೆಯ ಬಸ್ಸಿನ ದಾರಿ. ಅಷ್ಟಕ್ಕೆ ಕಾಗದ ಬರೆಯುತ್ತಿದ್ದೇನೆಂದು ರೂಮಿನ ತೃಷಾ ನಗುತ್ತಿದ್ದಾಳೆ. ನಗಲಿ. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಬೋಟಿನ ಇಂಜಿನ್ ನಿಮ್ಮ ಕಿವಿ ತಿಂದು ಎಷ್ಟೋ ವರ್ಷವಾಯಿತು. ಸ್ಪೀಕರ್ ಹಾಕಿದರೆ ನಮ್ಮ ಮಾತು ನೆರೆಮನೆಯ ಅಡುಗೆಮನೆಯವರೆಗೆ ಹೋಗುತ್ತದೆ. ಎದುರು ಕೂತು ಕೇಳಿದರೆ ನೀವು ಗೋಡೆಗೆ ತಿರುಗಿ ಮಲಗುತ್ತೀರಿ. ತುಳುವಿನಲ್ಲಿ ಕೇಳಲು ಬಾಯಿ ಬರುವುದಿಲ್ಲ. ಶಾಲೆಯಲ್ಲಿ ಕಲಿತ ಕನ್ನಡದಲ್ಲಾದರೂ ಕೇಳೋಣವೆಂದು ಕೂತಿದ್ದೇನೆ.

ಆಸ್ಪತ್ರೆಯಲ್ಲಿ ನೀವು ನಗುವ ಮುಖವನ್ನು ಯಾಕೆ ತೋರಿಸಿದಿರಿ?

ಆ ಹಾಳೆಯ ಮುಖಗಳನ್ನು ಬಿಡಿಸಿದವಳು ನಾನು, ಅದು ನಿಮಗೆ ಗೊತ್ತು. ನೋವು ಎಷ್ಟಿದೆ ಎಂದು ಬಾಯಲ್ಲಿ ಹೇಳಲಾಗದವರಿಗಾಗಿ ಚಿತ್ರ ಬಿಡಿಸಿಕೊಡುವ ನಮ್ಮ ಆಫೀಸಿಗೆ ಬಂದ ಕೆಲಸ ಅದು. ಸಾಲಾಗಿ ಆರು ಕಾರ್ಟೂನ್ ಮುಖಗಳು. ಮೊದಲನೆಯದು ನಗುತ್ತಿರುತ್ತದೆ. ಮುಂದಕ್ಕೆ ಹೋದ ಹಾಗೆ ಹುಬ್ಬು ಗಂಟಾಗುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಆರನೆಯದು ಬಾಯಿ ತೆರೆದು ಅಳುತ್ತದೆ. ಸಿಸ್ಟರ್ ಹಾಳೆ ಹಿಡಿಯಬೇಕು, ಮಲಗಿದವರು ಬೆರಳಿಡಬೇಕು. ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ, ಕಿವಿ ಕೇಳದವರಿಗೂ ತಿಳಿಯುತ್ತದೆ. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವಾಗ ತೊರಕೆ ಮೀನು ಬಾಲದ ಮುಳ್ಳಿನಿಂದ ನಿಮ್ಮ ಕಾಲಿಗೆ ಹೊಡೆದು, ನಿಮ್ಮನ್ನು ಉಡುಪಿಗೆ ತಂದು ಮಲಗಿಸಿದ ದಿನ, ಮಂಚದ ತಲೆಯ ಹತ್ತಿರ ನನ್ನದೇ ಹಾಳೆ ನೇತಾಡುವುದು ಕಂಡಿತು. ನಿಮ್ಮ ಕಾಲು ನೋಡುವ ಮೊದಲು ನಾನು ಅದನ್ನು ನೋಡಿದೆ. ಸಿಸ್ಟರ್ ಕ್ಲಾರಾ ಹತ್ತಿರ, "ಇದು ನಾನು ಮಾಡಿದ್ದು" ಎಂದು ಹೇಳಿಕೊಂಡೆ. ಈಗ ಅದು ನೆನಪಾದರೆ ಎಲ್ಲಿಯಾದರೂ ಹೋಗಿ ಅಡಗಿಕೊಳ್ಳೋಣ ಅನಿಸುತ್ತದೆ.

ಎರಡು ದಿನ ಅವರು ಕೇಳಿದಾಗಲೆಲ್ಲ ನೀವು ನಗುವ ಮುಖಕ್ಕೆ ಬೆರಳಿಟ್ಟಿರಿ. ಒಳಗೆ ಕೀವು ಏರುತ್ತಿತ್ತು. ಮೂರನೆಯ ದಿನ ಜ್ವರ ಬಂದು ಮೈ ನಡುಗಿ, ಕಟ್ಟು ಬಿಚ್ಚಿ ನೋಡಿದರೆ ಕಾಲಿನ ಮೂರು ಬೆರಳು ಕಪ್ಪಾಗಿದ್ದವು, ಕತ್ತರಿಸಲೇಬೇಕಾಯಿತು. ಇಷ್ಟು ನೋವು ಇದ್ದದ್ದನ್ನು ಮೊದಲೇ ತೋರಿಸಿದ್ದರೆ ಬೆರಳು ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದಾಗ ನಾನು ವಾರ್ಡಿನ ನಡುವೆ ನಿಂತು ಕ್ಲಾರಾ ಮೇಲೆ ಕಿರುಚಾಡಿದೆ.

ಹಗ್ಗ ಎಳೆಯುವವನಿಗೆ ಕಾಲಬೆರಳಿಲ್ಲದಿದ್ದರೆ ಮರಳು ಹಿಡಿತ ಕೊಡುವುದಿಲ್ಲ ಎಂದು ನನಗೆ ಹೇಳಿದವರು ನೀವು. ಈಗ ಊರೆಲ್ಲ ಹೇಳುತ್ತಿದೆಯಂತೆ, ಹೂವಪ್ಪಣ್ಣ ಗಟ್ಟಿ ಮನುಷ್ಯ, ಒಂದು ಸಲವೂ ಮುಲುಕಲಿಲ್ಲ ಎಂದು. ಆ ಹೊಗಳಿಕೆ ನನಗೆ ಬೇಡ. ಕಾರಣ ಬೇಕು.

ನಿಮ್ಮ ಮಗಳು
ಸೌಮ್ಯಶ್ರೀ


ಕಾಪು
೨೫ ನವೆಂಬರ್ ೨೦೨೪

ಸೌಮ್ಯಳಿಗೆ,

ಕಾಗದ ಸಿಕ್ಕಿತು. ಪೋಸ್ಟಿನವನು ಕೊಡುವಾಗ, ಕೋರ್ಟಿನದ್ದು ಎಂತಾದರೂ ಉಂಟಾ ಹೂವಪ್ಪಣ್ಣ ಎಂದು ಕೇಳಿದ. ಕೈಬರಹದ ಕಾಗದ ಈಗ ಯಾರಿಗೂ ಬರುವುದಿಲ್ಲವಂತೆ.

ಕಾಲು ಅಡ್ಡಿಯಿಲ್ಲ. ಊರುಗೋಲು ಹಿಡಿದು ಅಂಗಳದವರೆಗೆ ಹೋಗುತ್ತೇನೆ. ನಿನ್ನ ಅಮ್ಮ ಮೀನು ಕೊಡುವುದಿಲ್ಲ, ಗಾಯಕ್ಕೆ ನಂಜು ಎನ್ನುತ್ತಾಳೆ. ಕಾಪುವಿನಲ್ಲಿ ಹುಟ್ಟಿ ಗಂಜಿಗೆ ಉಪ್ಪಿನಕಾಯಿ ನೆಕ್ಕುವ ಗತಿ ಬಂತು. ಬಲೆಯವರಿಗೆ ಈ ವಾರ ಬೂತಾಯಿ ಒಳ್ಳೆಯದು ಸಿಕ್ಕಿತಂತೆ. ನನ್ನ ಜಾಗದಲ್ಲಿ ರೂಪೇಶ್ ಹಗ್ಗ ಹಿಡಿಯುತ್ತಾನೆ. ಅವನಿಗೆ ಬಾಯಿ ಜಾಸ್ತಿ, ಎಳೆತ ಕಡಿಮೆ.

ನೀನು ಕೇಳಿದ್ದಕ್ಕೆ ಉತ್ತರ: ನನಗೆ ನೋವು ಇರಲಿಲ್ಲ. ಇದ್ದದ್ದನ್ನು ತೋರಿಸಿದೆ.

ಆ ಸಿಸ್ಟರಿಗೆ ಬೈದದ್ದು ಸರಿಯಾಗಲಿಲ್ಲ. ಅವಳದ್ದು ತಪ್ಪು ಎಂತ ಉಂಟು? ಹೋಗಿ ತಪ್ಪಾಯಿತು ಎಂದು ಹೇಳು. ಇನ್ನು ಈ ವಿಷಯ ಬರೆಯಬೇಡ. ಸುಮ್ಮನೆ ರಜೆ ಹಾಕಿ ಬರುವುದೂ ಬೇಡ.

ಹೂವಪ್ಪ


ಮಣಿಪಾಲ
೯ ಡಿಸೆಂಬರ್ ೨೦೨೪

ಅಪ್ಪನಿಗೆ,

ಬರೆಯಬೇಡ ಎಂದಿದ್ದೀರಿ. ಆದರೂ ಇದೊಂದನ್ನು ಓದಿ.

ಕ್ಲಾರಾ ಕಾರ್ಕಳದವರು, ಈಗ ಕಡಿಯಾಳಿಯಲ್ಲಿ ಬಾಡಿಗೆಗೆ ಇದ್ದಾರೆ. ಮೊನ್ನೆ ಅವರ ಡ್ಯೂಟಿ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಕಾದು ನಿಂತು ತಪ್ಪಾಯಿತು ಎಂದೆ. ನನ್ನ ಕಿರುಚಾಟವನ್ನು ಅವರು ಮರೆತೇ ಬಿಟ್ಟಿದ್ದರು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಾ ಕೊಡಿಸಿದರು. ಆಮೇಲೆ ಅವರು ಹೇಳಿದ್ದು ಹೀಗೆ:

"ನಿಮ್ಮ ತಂದೆಗೆ ಹಾಳೆ ಅರ್ಥ ಆಗ್ಲಿಲ್ಲ ಅಂತ ಅಲ್ಲ ಮಾರಾಯ್ರೆ. ಮೊದಲನೇ ಸಲ ಕೇಳಿದಾಗ ಬೆರಳು ಸೀದಾ ಕೊನೆಯ ಮುಖದ ಹತ್ರ ಹೋಯ್ತು. ಅಲ್ಲಿಂದ ಹಿಂದೆ ಬಂತು. ಮತ್ತೆ ಅಂಗೈಯಲ್ಲಿ ಆ ಮುಖವನ್ನು ಮುಚ್ಚಿ ಹಿಡಿದು, ಇನ್ನೊಂದು ಕೈಯಲ್ಲಿ ನಗುವುದನ್ನು ತೋರಿಸಿದ್ರು. ಸುತ್ತ ಇದ್ದವರು ನಗ್ತಿದ್ರು, ನಾನೂ ತಮಾಷೆ ಮಾಡ್ತಾರೆ ಅಂದುಕೊಂಡೆ. ಈ ಸಮುದ್ರಕ್ಕೆ ಹೋಗುವ ಗಂಡಸರು ಉಂಟಲ್ಲ, ಅವರು ಮೂರನೇ ಮುಖ ದಾಟುವುದೇ ಕಡಿಮೆ. ಹೆಂಗಸರು, ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ತೋರಿಸ್ತಾರೆ."

ಅಂದರೆ ನಿಮಗೆ ನೋವಿತ್ತು. ನನಗೆ ಸುಳ್ಳು ಬರೆದಿರಿ. ಇರಲಿ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ನಮ್ಮ ಆಫೀಸಿನ ಸುಘೋಷ ಸರ್ ಆ ಆರನೆಯ ಮುಖ ನೋಡಿದಾಗ, "ಇದನ್ನು ಕಂಡರೆ ಮಕ್ಕಳು ಹೆದರುತ್ತವೆ, ಸ್ವಲ್ಪ ತಮಾಷೆ ಮಾಡು" ಎಂದಿದ್ದರು. ನಾನು ಕಣ್ಣೀರನ್ನು ನಲ್ಲಿಯ ಹಾಗೆ ಮಾಡಿದೆ, ತಲೆಯನ್ನು ಉರುಟು ಬಲೂನು ಮಾಡಿದೆ. ಸರ್ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಖುಷಿಯಾಯಿತು. ನೋವಿನಲ್ಲಿ ಇರುವ ಮನುಷ್ಯ ತನ್ನನ್ನು ಆ ಬಲೂನಿನ ಜಾಗದಲ್ಲಿ ಇಟ್ಟುಕೊಳ್ಳಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ನಾಲ್ಕು ಜನರೆದುರು ಯಾರು ತಾನೇ ನಗೆಪಾಟಲಿನ ಮುಖಕ್ಕೆ ಬೆರಳಿಟ್ಟು ಇದು ನಾನು ಎನ್ನುತ್ತಾರೆ?

ಅದಕ್ಕಾಗಿಯೇ ಮುಚ್ಚಿದಿರಾ ಅಪ್ಪ? ಹೌದು ಎಂದಾದರೆ ಹೌದು ಎಂದಷ್ಟೇ ಬರೆಯಿರಿ. ನಿಮ್ಮ ಬೆರಳು ಹೋದದ್ದು ನನ್ನ ಕೆಲಸದಿಂದ ಎಂದು ತಿಳಿದುಕೊಂಡು ಬದುಕುತ್ತೇನೆ. ತಿಳಿಯದೆ ಹೀಗೆ ಒದ್ದಾಡುವುದು ನನ್ನಿಂದ ಆಗುತ್ತಿಲ್ಲ.

ಸೌಮ್ಯಶ್ರೀ


ಕಾಪು
೧೬ ಡಿಸೆಂಬರ್ ೨೦೨೪

ಸೌಮ್ಯಾ,

ಬೇಡ ಎಂದರೂ ನೀನು ಬರೆದೆ. ಒಮ್ಮೆ ಹೇಳಿ ಮುಗಿಸುತ್ತೇನೆ.

ಆ ಕೊನೆಯ ಮುಖ ನನ್ನದು.

ತಲೆಯ ಕೂದಲು ತೆಗೆದಿದ್ದೀ, ಮೀಸೆ ತೆಗೆದಿದ್ದೀ, ಮೂಗಿನ ಜಾಗದಲ್ಲಿ ಒಂದು ಚುಕ್ಕಿ ಇಟ್ಟಿದ್ದೀ. ಆದರೂ ನನ್ನದೇ. ಬಾಯಿ ಬಲಗಡೆಗೆ ಎಳೆದುಕೊಂಡು ಹೋದದ್ದು, ಕೆಳತುಟಿ ಹಲ್ಲಿನ ಅಡಿಗೆ ಸಿಕ್ಕಿದ್ದು, ಕುತ್ತಿಗೆಯಲ್ಲಿ ಎರಡು ನರ. ನನ್ನ ಅಳು ನಾನು ನೋಡಿದವನಲ್ಲ. ಆದರೆ ನನ್ನ ತಮ್ಮ ದೂಮಪ್ಪ ಸಣ್ಣವನಿರುವಾಗ ಹಾಗೆಯೇ ಅಳುತ್ತಿದ್ದ. ಅಳುವಾಗ ಇಬ್ಬರೂ ಒಂದೇ ಅಚ್ಚು ಎಂದು ನಮ್ಮ ಅಮ್ಮ ಹೇಳುತ್ತಿದ್ದಳು. ಹಾಳೆ ನೋಡಿದ ಕೂಡಲೇ ನನಗೆ ಗೊತ್ತಾಯಿತು.

ಗೊತ್ತಾದದ್ದು ನನಗೆ ಮಾತ್ರ ಎಂದಾಗಿದ್ದರೆ ಹೇಗೋ ಆಗುತ್ತಿತ್ತು. ಸಿಸ್ಟರ್ ಹಾಳೆ ಹಿಡಿದು, ನನ್ನ ಬೆರಳು ಅದರ ಹತ್ತಿರ ಹೋಗುವಾಗ ನಿನ್ನ ಅಮ್ಮ ಬಗ್ಗಿ ನೋಡಿ, "ಅಯ್ಯೋ, ಈ ಕೊನೆಯದ್ದು ನೋಡಿ, ನಿಮ್ಮ ಹಾಗೆಯೇ ಉಂಟು!" ಎಂದಳು. ಕಿವುಡನ ಜೊತೆ ಮಾತಾಡಿ ಮಾತಾಡಿ ಅವಳ ಸ್ವರ ಯಾವಾಗಲೂ ದೊಡ್ಡದು. ನನಗೇ ಕೇಳಿಸಿತು ಎಂದರೆ ವಾರ್ಡಿಗೆಲ್ಲ ಕೇಳಿಸಿತು. ಪಕ್ಕದ ಮಂಚದ ಹೆರಾಲ್ಡ್, ಆ ನಂದಿಕೂರಿನವ, ಹಾಳೆಯನ್ನು ನೋಡಿದ, ನನ್ನನ್ನು ನೋಡಿದ, ನಕ್ಕ. ನನ್ನನ್ನು ನೋಡಲು ಬಂದ ಬಲೆಯವರು ಅಲ್ಲಿಯೇ ನಿಂತಿದ್ದರು. ಅವರೂ ನಕ್ಕರು. ರೂಪೇಶ್ ಬಾಯಿ ಸೊಟ್ಟ ಮಾಡಿ ತೋರಿಸಿದ. ಇಷ್ಟಾದ ಮೇಲೆ ನಾನು ಅದರ ಮೇಲೆ ಬೆರಳಿಡಬೇಕಿತ್ತಾ?

ನಿನ್ನ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ನಾನು ಅಳುವುದನ್ನು ಅವಳು ಒಂದು ದಿನವೂ ಕಂಡವಳಲ್ಲ. ಕುಶಾಲಿಗೆ ಹೇಳಿದಳು. ನೀನು ಕುಶಾಲಿಗೆ ಮಾಡಿದವಳಲ್ಲ. ನೀನು ಅಚ್ಚು ಹಾಕಿಸಿ ಊರೂರಿಗೆ ಕಳಿಸಿದ್ದೀ. ಉಟ್ಟ ಬಟ್ಟೆ ಬಿಚ್ಚಿಸಿ ಮೀನು ಮಾರ್ಕೆಟಿನಲ್ಲಿ ನಿಲ್ಲಿಸಿದ ಹಾಗಾಯಿತು ನನಗೆ.

ಆ ಮುಖವನ್ನು ನೀನು ಎಲ್ಲಿ ನೋಡಿದೆ ಎಂದು ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ಹೂವಪ್ಪ


ಮಣಿಪಾಲ
೪ ಜನವರಿ ೨೦೨೫

ಅಪ್ಪನಿಗೆ,

ಈ ಕಾಗದಕ್ಕೆ ಉತ್ತರ ಬೇಡ.

ಹಾಳೆಯನ್ನು ವಾಪಸು ತೆಗೆಸಿದ್ದೇನೆ. ಉಡುಪಿಯಲ್ಲಿ ಗೋಡೆಯಿಂದ ಇಳಿಸಿದ್ದಾರೆ. ಕಾರ್ಕಳದ ಆಸ್ಪತ್ರೆಗೆ ಹೋಗಬೇಕಾದ ಕಟ್ಟು ಇನ್ನೂ ಆಫೀಸಿನಲ್ಲೇ ಇದೆ. ಚಿತ್ರದಲ್ಲಿ ತಪ್ಪಿದೆ ಎಂದಷ್ಟೇ ಹೇಳಿದೆ. ಏನು ತಪ್ಪು ಎಂದು ಸುಘೋಷ ಸರ್ ಎಲ್ಲರೆದುರು ಕೇಳಿದರು, ನಾನು ತಿದ್ದಿ ಕೊಡುತ್ತೇನೆ ಎಂದೆ. ಬೇರೆ ಆರನೆಯ ಮುಖ ಮಾಡಿಕೊಡಲು ಫೆಬ್ರವರಿ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ.

ಸೌಮ್ಯಶ್ರೀ


ಮಣಿಪಾಲ
೩ ಫೆಬ್ರವರಿ ೨೦೨೫

ಅಪ್ಪನಿಗೆ,

ನಿನ್ನೆ ನಾನು ಮನೆಗೆ ಬಂದಾಗ ನೀವು ಹೆಗಲ ಮೇಲಿನ ಬೈರಾಸನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದಿರಿ. ನಿದ್ದೆ ಬಂದಿರಲಿಲ್ಲ. ಬಟ್ಟೆಯ ಅಡಿಯಲ್ಲಿ ನಿಮ್ಮ ಉಸಿರು ಹೇಗೆ ಹೋಗುತ್ತಿತ್ತೆಂದು ನೋಡುತ್ತಾ ಕೂತಿದ್ದೆ. ಮಗಳಿಗೆ ಕಾಣಬಾರದೆಂದು ಅಪ್ಪ ಮುಖ ಮುಚ್ಚಿಕೊಳ್ಳಬೇಕಾದರೆ ಆ ಮಗಳು ಎಂಥವಳಿರಬೇಕು? ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಮುಖ ನೋಡಲೂ ನನಗೆ ಧೈರ್ಯ ಬರಲಿಲ್ಲ.

ಆದರೆ ವಾಸನೆಯನ್ನು ಬೈರಾಸಿನಿಂದ ಮುಚ್ಚಲಾಗುವುದಿಲ್ಲ ಅಪ್ಪ. ನಿಮ್ಮ ಕಾಲು ಮತ್ತೆ ಕೆಟ್ಟಿದೆ. ಅಮ್ಮ ನನ್ನನ್ನು ಬಾವಿಕಟ್ಟೆಯವರೆಗೆ ಕರೆದುಕೊಂಡು ಹೋಗಿ ಅತ್ತಳು. "ಡ್ರೆಸ್ಸಿಂಗಿಗೆ ಹೋಗದೆ ಹದಿನೈದು ದಿನ ಆಯ್ತು. ಎಂತ ಕೇಳಿದ್ರೂ ಎಂತ ಇಲ್ಲ, ಎಂತ ಇಲ್ಲ. ರಾತ್ರಿ ಹಲ್ಲು ಕಚ್ಚುವ ಶಬ್ದ ನನಗೆ ಕೇಳ್ತದೆ. ನಾನು ಏನಾದ್ರೂ ತಪ್ಪು ಮಾತಾಡಿದೆನಾ ಸೌಮ್ಯಾ? ಆಸ್ಪತ್ರೆಯ ಹೆಸರೆತ್ತಿದರೆ ನನ್ನ ಮೇಲೆ ಹಾರ್ತಾರೆ" ಎಂದಳು. ನೀವು ಬರೆದದ್ದನ್ನು ಅವಳಿಗೆ ಹೇಳಲಿಲ್ಲ.

ಹೇಳಬೇಡ ಎಂದದ್ದನ್ನು ಈಗ ಹೇಳುತ್ತೇನೆ. ಮನಸ್ಸಿನಲ್ಲಿ ಇಟ್ಟುಕೊಂಡು ನಾವಿಬ್ಬರೂ ಕೊಳೆಯುವುದು ಬೇಡ.

ಸಮುದ್ರದಲ್ಲಿ ಮುಳುಗಿದ ದೂಮಪ್ಪ ಚಿಕ್ಕಪ್ಪನ ದೇಹ ದಡಕ್ಕೆ ಬಂದ ದಿನ ನಾನು ಮೂರನೇ ಕ್ಲಾಸು. ನೀವು ಯಾರ ಎದುರೂ ಅಳಲಿಲ್ಲ. ಪೋಲೀಸರ ಹತ್ತಿರ ಮಾತಾಡಿದಿರಿ, ಕಟ್ಟಿಗೆಗೆ ಜನ ಕಳಿಸಿದಿರಿ, ಅಜ್ಜಿಯನ್ನು ಹಿಡಿದುಕೊಂಡಿರಿ. ಹೂವಪ್ಪ ಇದ್ದ ಕಾರಣ ಆಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಸಂಜೆ ನಿಮ್ಮನ್ನು ಗಂಜಿಗೆ ಕರೆದುಕೊಂಡು ಬಾ ಎಂದು ಅಮ್ಮ ನನ್ನನ್ನು ಕಳಿಸಿದಳು. ನೀವು ಮಗುಚಿ ಹಾಕಿದ ದೋಣಿಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಿರಿ. ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ. ನೀವು ನನ್ನನ್ನು ನೋಡಲಿಲ್ಲ. ನಾನು ಸ್ವಲ್ಪ ಹೊತ್ತು ನಿಂತು ಓಡಿ ಬಂದೆ. ಅಪ್ಪ ಸಿಗಲಿಲ್ಲ ಎಂದು ಅಮ್ಮನಿಗೆ ಹೇಳಿದೆ.

ಆ ಮುಖ ನನ್ನ ಕೈಯಿಂದ ಬಿಟ್ಟು ಹೋಗಲೇ ಇಲ್ಲ. ಶಾಲೆಯ ಪುಸ್ತಕದ ಹಿಂದೆ ಬಿಡಿಸಿದೆ. ಆಮೇಲೆ ಕೆಲಸಕ್ಕೆ ಸೇರಿದ ಮೇಲೆ, ಕ್ರಿಕೆಟಿನಲ್ಲಿ ಸೋತವನಿಗೂ ಅದೇ ಮುಖ, ಪರೀಕ್ಷೆಯಲ್ಲಿ ಫೇಲಾದವನಿಗೂ ಅದೇ ಮುಖ. ಸೌಮ್ಯಶ್ರೀ ಬಿಡಿಸಿದ ಅಳು ನೋಡಿದರೆ ನಮಗೂ ಅಳು ಬರುತ್ತದೆ ಎಂದು ಹೊಗಳುತ್ತಾರೆ. ನಾನು ಆ ಹೊಗಳಿಕೆಯನ್ನು ನನ್ನದೆಂದು ತೆಗೆದುಕೊಂಡೆ. ಅದು ಯಾರ ಅಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾರಿದೆ. ಇದಕ್ಕಿಂತ ಹೆಚ್ಚು ನಾಚಿಕೆಯ ಮಾತು ನನ್ನ ಹತ್ತಿರ ಇಲ್ಲ.

ಹೊಸ ಮುಖ ಮಾಡಿ ಕ್ಲಾರಾಗೆ ತೋರಿಸಿದೆ. "ಇದು ಅಳುವುದಾ, ಸೀನುವುದಾ?" ಎಂದು ಕೇಳಿದರು. ಹಳೆಯದಾದರೆ ಯಾರಿಗೂ ವಿವರಿಸಬೇಕಾಗಿಯೇ ಇರಲಿಲ್ಲವಂತೆ. ಮಾತು ಬಾರದ ಒಂದು ಹೆಣ್ಣುಮಗು ನೇರವಾಗಿ ಅದರ ಮೇಲೆ ಬೆರಳೊತ್ತಿತಂತೆ. ಆದರೂ ಅದು ಗೋಡೆಗೆ ವಾಪಸು ಹೋಗುವುದಿಲ್ಲ. ನಿಮ್ಮದನ್ನು ನಿಮ್ಮನ್ನು ಕೇಳದೆ ಇನ್ನು ಯಾರಿಗೂ ಕೊಡುವುದಿಲ್ಲ.

ನನ್ನನ್ನು ಕ್ಷಮಿಸಬೇಕಾಗಿಲ್ಲ. ನನ್ನ ಮುಖ ನೋಡಬೇಕಾಗಿಲ್ಲ. ನಾಳೆ ಆಸ್ಪತ್ರೆಗೆ ಹೋಗಿ. ನೋವು ಇದ್ದಷ್ಟನ್ನು ಹೇಳಿ. ಇದೊಂದು ಮಾಡಿ ಅಪ್ಪ.

ಸೌಮ್ಯಶ್ರೀ


ಉಡುಪಿ, ಆಸ್ಪತ್ರೆಯಿಂದ
೧೯ ಫೆಬ್ರವರಿ ೨೦೨೫

ಸೌಮ್ಯಾ,

ಎಲ್ಲ ಸೌಖ್ಯ ಎಂದು ಶುರು ಮಾಡುವುದು ಕ್ರಮ. ಈ ಸಲ ಆ ಕ್ರಮ ಬೇಡ. ಉಳಿದ ಎರಡು ಬೆರಳು ಹೋಯಿತು, ಪಾದದ ಮುಂದಿನ ಒಂದು ತುಂಡೂ ಹೋಯಿತು. ಇನ್ನೆರಡು ದಿನ ತಡವಾಗಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಿತ್ತಂತೆ. ಹಿಮ್ಮಡಿ ಉಂಟು. ಕೋಲು ಹಿಡಿದು ನಡೆಯಬಹುದು ಎನ್ನುತ್ತಾರೆ. ಹಗ್ಗ ಎಳೆಯುವ ಕೆಲಸ ಮುಗಿಯಿತು.

ನೀನು ಆಪರೇಷನ್ ದಿನ ಬಂದು ಬಾಗಿಲಿನ ಹೊರಗೇ ನಿಂತದ್ದು ಅಮ್ಮ ಹೇಳಿದಳು. ಒಳಗೆ ಬರಬಹುದಿತ್ತು. ಬಾ ಎಂದು ಹೇಳಿ ಕಳಿಸದೆ ಇದ್ದದ್ದು ನನ್ನದೇ ತಪ್ಪು.

ನಿನ್ನ ಕಾಗದ ಬಂದ ಕೂಡಲೇ ನಾನು ಹೊರಟವನಲ್ಲ. ಓದಿ ಮಡಚಿ ಇಟ್ಟೆ. ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಿನ್ನ ಅಮ್ಮ ಅನ್ನ ಬಡಿಸುವುದು ಬಿಟ್ಟು ಎದುರು ಕೂತಳು. "ನಾನು ಎಂತ ತಪ್ಪು ಮಾಡಿದ್ದು ಅಂತ ಹೇಳಿ, ಇಲ್ಲದಿದ್ರೆ ರಿಕ್ಷಾ ಹತ್ತಿ" ಎಂದಳು. ಹೇಳುವುದಕ್ಕಿಂತ ರಿಕ್ಷಾ ಹತ್ತುವುದು ಸುಲಭ ಎಂದು ಹತ್ತಿದೆ.

ಅದೇ ವಾರ್ಡು. ಗೋಡೆಯಲ್ಲಿ ಹಾಳೆ ಇರಲಿಲ್ಲ. ಕ್ಲಾರಾ ಬಾಯಿಯಲ್ಲಿ ಕೇಳಿದಳು, ಕೈ ಮಾಡಿ ಕೇಳಿದಳು. ನನ್ನ ಬಾಯಿಗೆ ಮತ್ತೆ ಎಂತ ಇಲ್ಲ ಎಂದೇ ಬಂತು. ಐವತ್ತು ವರ್ಷ ಅದನ್ನೇ ಹೇಳಿದ ಬಾಯಿ. ಅವಳು ಹೋಗಲು ತಿರುಗಿದಳು. ಆಗ ನಾನೇ ಕರೆದು, ಆ ಹಾಳೆ ಉಂಟಾ ಎಂದು ಕೇಳಿದೆ.

ಮೇಜಿನ ಒಳಗಿನಿಂದ ಹುಡುಕಿ ತಂದಳು. ವಾರ್ಡು ತುಂಬಿತ್ತು. ರೂಪೇಶ್ ಇದ್ದ, ನಿನ್ನ ಅಮ್ಮ ಇದ್ದಳು, ಗುರುತಿಲ್ಲದವರು ಎಷ್ಟೋ ಜನ. ನಾನು ಕೊನೆಯ ಮುಖದ ಮೇಲೆ ಬೆರಳಿಟ್ಟೆ. ಇಟ್ಟು ತೆಗೆಯಲಿಲ್ಲ. ಹೀಗೆ ಬರೆದರೆ ದೊಡ್ಡ ಧೈರ್ಯ ಬಂತು ಎಂದು ನೀನು ತಿಳಿಯಬಹುದು. ಎಂತ ಧೈರ್ಯವೂ ಇಲ್ಲ. ಕಿವಿ ಬಿಸಿಯಾಗಿತ್ತು, ಯಾರ ಮುಖವನ್ನೂ ನೋಡಲಿಲ್ಲ. ನಾಚಿಕೆ ಹೋಗಲಿಲ್ಲ ಸೌಮ್ಯಾ, ಈಗಲೂ ಉಂಟು. ಬೆರಳು ತೆಗೆಯಲಿಲ್ಲ, ಅಷ್ಟೆ.

ಯಾರೂ ನಗಲಿಲ್ಲ. ಕ್ಲಾರಾ ಡಾಕ್ಟರನ್ನು ಕರೆಯಲು ಓಡಿದಳು. ನಿನ್ನ ಅಮ್ಮ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆವತ್ತಿನ ತನ್ನ ಮಾತು ಎಲ್ಲಿ ತಾಗಿತ್ತೆಂದು ಅವಳಿಗೆ ಅರ್ಥವಾಯಿತು. ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು.

ಆ ಮುಖವನ್ನು ಬದಲಾಯಿಸುವುದು ಬೇಡ. ಅಲ್ಲಿಯೇ ಇರಲಿ. ಆದರೆ ಆ ನಲ್ಲಿನೀರು ತೆಗೆ, ಯಾರೂ ಹಾಗೆ ಅಳುವುದಿಲ್ಲ. ಕಾರ್ಕಳಕ್ಕೂ ಕಳಿಸು. ನನ್ನಂಥವರು ಅಲ್ಲಿಯೂ ಇರುತ್ತಾರೆ.

ನಿನ್ನ ಕಾಗದದಲ್ಲಿ ಒಂದು ತಪ್ಪು ಉಂಟು. ನಾನು ನಿನ್ನನ್ನು ನೋಡಲಿಲ್ಲ ಎಂದು ಬರೆದಿದ್ದೀ. ನೋಡಿದ್ದೆ. ದೋಣಿಯ ಆಚೆ ನೀನು ಶಾಲೆಯ ನೀಲಿ ಲಂಗದಲ್ಲಿ ನಿಂತಿದ್ದೆ. ನಿನ್ನನ್ನು ಹತ್ತಿರ ಕರೆಯಬೇಕಿತ್ತು. ನನ್ನ ಅವಸ್ಥೆ ನೀನು ಕಂಡೆಯಲ್ಲ ಎಂದು ನಾಚಿಕೆಯಾಗಿ, ಕಾಣದವನ ಹಾಗೆ ಕೂತೆ. ನೀನು ಓಡಿದೆ. ಹೋದಳಲ್ಲ ಎಂದು ಸಮಾಧಾನ ಪಟ್ಟುಕೊಂಡೆ. ಮತ್ತೆ ಇಷ್ಟು ವರ್ಷ ನೀನು ಎದುರು ಬಂದರೆ ನಾನು ಬೇರೆ ಕಡೆ ನೋಡಿದ್ದು ಅದಕ್ಕೇ. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದು ನೀನು ತಿಳಿದಿರಬೇಕು.

ನಾನು ನನ್ನ ತಮ್ಮ ಸತ್ತ ಎಂದು ಮಾತ್ರ ಯೋಚಿಸಿದ್ದು. ನಿನ್ನನ್ನು ಹೆಗಲಲ್ಲಿ ಕೂರಿಸಿ ಶಾಲೆಗೆ ಬಿಡುತ್ತಿದ್ದವನು ಅವನು. ನಿನಗೆ ಮೊದಲು ಬಣ್ಣದ ಪೆಟ್ಟಿಗೆ ತಂದುಕೊಟ್ಟವನೂ ಅವನೇ. ಆ ದಿನಗಳಲ್ಲಿ ನಿನ್ನ ಮುಖ ಹೇಗಿತ್ತು ಎಂದು ನೆನಪು ಮಾಡಲು ನೋಡಿದರೆ ನನಗೆ ಎಂತದೂ ನೆನಪಿಗೆ ಬರುವುದಿಲ್ಲ. ನಾನು ನೋಡಿರಲೇ ಇಲ್ಲ.

ಸೌಮ್ಯಾ, ಅಲ್ಲಿಂದ ಓಡಿದವಳು ನೀನು ಎಲ್ಲಿ ಹೋಗಿ ಅತ್ತದ್ದು?

ಅಪ್ಪ